ಹೊಡೆದ ಮೇಲೆ ಪ್ರಾರ್ಥನೆ ಮಾಡುತ್ತಿದ್ದೆವು

ನಾನು ಸಿಟ್ಟಿನಲ್ಲಿ ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಎಷ್ಟೋ ವರ್ಷ ನನಗೆ ಅದೇ ದೊಡ್ಡ ಹೆಮ್ಮೆ. ಮಗಳು ಹುಟ್ಟಿದ ಹೊಸದರಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ನಮಗೆ ಒಂದು ಕ್ರಮ ಹೇಳಿಕೊಟ್ಟಿದ್ದರು. ಮಗು ಬೇಕಂತಲೇ ಮಾತು ಮೀರಿದರೆ ಮಾತ್ರ ಏಟು. ಮೊದಲು ರೂಮಿಗೆ ಕರೆದುಕೊಂಡು ಹೋಗಿ ತಪ್ಪೇನೆಂದು ಹೇಳಬೇಕು. ಕೈಯಿಂದ ಹೊಡೆಯಬಾರದು, ಕೈ ಇರುವುದು ಮುದ್ದು ಮಾಡುವುದಕ್ಕೆ. ಮರದ ಸೌಟಿನಿಂದ ಕುಂಡಿಯ ಮೇಲೆ ಮೂರೇ ಏಟು, ಬಾಸುಂಡೆ ಬರದ ಹಾಗೆ. ಆಮೇಲೆ ತಬ್ಬಿಕೊಂಡು ಇಬ್ಬರೂ ಮೊಣಕಾಲೂರಿ ಪ್ರಾರ್ಥನೆ.

ಮಗಳಿಗೆ ಮೂರು ತುಂಬಿದಾಗಿನಿಂದ ಹೀಗೇ ನಡೆಯಿತು. ಫಲವೂ ಕಾಣುತ್ತಿತ್ತು. ಕೂತ್ಕೋ ಅಂದರೆ ಕೂರುತ್ತಿದ್ದಳು. ಆರಾಧನೆಯಲ್ಲಿ ಗಲಾಟೆ ಇಲ್ಲ. ನೋಡಿದವರೆಲ್ಲ ಎಷ್ಟು ಒಳ್ಳೆ ಮಗು ಅನ್ನುತ್ತಿದ್ದರು, ನಾನು ಒಳಗೊಳಗೇ ಬೀಗುತ್ತಿದ್ದೆ.

ಅವಳಿಗೆ ನಾಲ್ಕೂವರೆ ಇದ್ದಾಗ ಒಂದು ಮಧ್ಯಾಹ್ನ ನೆಂಟರೊಬ್ಬರಿಗೆ ಹುಷಾರಿಲ್ಲ ಎಂದು ಫೋನ್ ಬಂತು. ಮಗಳು ನೆಲದ ಮೇಲೆ ಬೋರಲು ಮಲಗಿ ಬಣ್ಣ ಹಚ್ಚುತ್ತಿದ್ದಳು. "ಬಾ ಪುಟ್ಟಾ, ಪ್ರಾರ್ಥನೆ ಮಾಡೋಣ" ಅಂದೆ. ಕ್ರೇಯಾನ್ ಹಿಡಿದ ಕೈ ನಿಂತಿತು. ಎದ್ದು ನಿಂತಳು. ಎರಡೂ ಕೈ ಹಿಂದಕ್ಕೆ ಒಯ್ದು ಕುಂಡಿ ಮುಚ್ಚಿಕೊಂಡಳು. "ನಾನೇನ್ ಮಾಡ್ದೆ ಅಪ್ಪಾ?" ಅಂದಳು.

ಆ ದಿನ ನನಗೆ ಪ್ರಾರ್ಥನೆ ಮಾಡಲು ಆಗಲಿಲ್ಲ. ನೆಂಟರಿಗೆ ಹುಷಾರಾಯಿತು, ಆ ಮಾತು ಬೇರೆ.

ಆದರೂ ಹೊಡೆಯುವುದನ್ನು ಮಾರನೇ ದಿನವೇ ಬಿಡಲಿಲ್ಲ. ಸತ್ಯವೇದದ, ಅಂದರೆ ಬೈಬಲಿನ, ಮಾತು ಎಂದು ನಂಬಿಕೊಂಡು ಮಾಡಿದ್ದನ್ನು ಮನಸ್ಸಿಗೆ ನೋವಾಯಿತು ಅಂತ ಬಿಡುವುದು ಹೇಗೆ? ಕೂತು ಓದಿದೆ. ಬೆತ್ತ ಹಿಡಿಯದವನು ಮಗನಿಗೆ ವೈರಿ ಎಂಬ ಅರ್ಥದ ಮಾತು ಅದರ ಜ್ಞಾನೋಕ್ತಿ ಪುಸ್ತಕದ 13:24ರಲ್ಲಿ ಇದೆ. ಅಲ್ಲಿರುವ ಹೀಬ್ರೂ ಪದ 'ಶೇವೆಟ್'. ಕುರುಬನ ಕೋಲು ನನಗೆ ಧೈರ್ಯ ಎನ್ನುವ 23ನೇ ಕೀರ್ತನೆಯಲ್ಲೂ ಅದೇ ಪದ. ಹಾಗಾಗಿ ಇದು ದಾರಿ ತೋರಿಸುವ ಕೋಲು, ಹೊಡೆಯುವ ಕೋಲಲ್ಲ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜ್ಞಾನೋಕ್ತಿ 23:13ರಲ್ಲಿ ಹೊಡೆಯುವ ಮಾತೇ ಇದೆ. ಸುಮ್ನೆ ಸಿಹಿ ಸವರಬಾರದು.

ನನ್ನನ್ನು ಅಲ್ಲಾಡಿಸಿದ್ದು ಬೇರೆ ವಚನ. 20:30ರಲ್ಲಿ ಗಾಯ ಮಾಡುವ ಪೆಟ್ಟೇ ಕೆಟ್ಟತನವನ್ನು ತೊಳೆಯುತ್ತದೆ ಅನ್ನುವ ಅರ್ಥ ಬರುತ್ತದೆ. ನಾನು ಬಾಸುಂಡೆ ಕೂಡ ಬರದಂತೆ ಹೊಡೆಯುತ್ತಿದ್ದೆ. ಧರ್ಮೋಪದೇಶಕಾಂಡ 21ರಲ್ಲಿ ಮಾತು ಕೇಳದ ಮಗನನ್ನು ಊರ ಹಿರಿಯರ ಮುಂದೆ ತಂದು ಕಲ್ಲೆಸೆದು ಕೊಲ್ಲಬೇಕೆಂದಿದೆ. ಅದನ್ನು ಯಾರು ಪಾಲಿಸುತ್ತಾರೆ? ಅಂದರೆ ವಚನಗಳನ್ನು ಅಕ್ಷರಶಃ ಪಾಲಿಸುವುದನ್ನು ನಾನು ಎಂದೋ ಬಿಟ್ಟಾಗಿತ್ತು. ಸೌಟು, ಮೂರು ಏಟು, ಆಮೇಲೆ ಅಪ್ಪುಗೆ, ಇವು ಯಾವ ವಚನದಲ್ಲೂ ಇಲ್ಲ. ನಾವೇ ಮಾಡಿಕೊಂಡ ಕ್ರಮಕ್ಕೆ ದೇವರ ಆಜ್ಞೆ ಎಂದು ಹೆಸರಿಟ್ಟಿದ್ದೆವು, ಅಷ್ಟೇ.

ಸ್ವೀಡನ್ 1979ರಲ್ಲೇ ಮನೆಯಲ್ಲೂ ಮಕ್ಕಳನ್ನು ಹೊಡೆಯಬಾರದೆಂದು ಕಾನೂನು ಮಾಡಿತು, 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಬೇಡ ಎಂದಿತು. ಇದು ಸಭೆಯ ಸ್ನೇಹಿತರಿಗೆ ನಾಟುವುದಿಲ್ಲ, ಲೋಕದ ಜ್ಞಾನ ಅಂತ ತಳ್ಳಿಬಿಡುತ್ತಾರೆ. ಅವರಿಗೆ ನಾನು ಹೇಳುವುದು ಸುಸನ್ನಾ ವೆಸ್ಲಿಯವರ ಮಾತು. ಕ್ರೈಸ್ತರಲ್ಲಿ ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯವರ ತಾಯಿ. ಆಕೆ ಮೆದು ಮನಸ್ಸಿನವರೇನಲ್ಲ. ಒಂದು ವರ್ಷ ತುಂಬುವಷ್ಟರಲ್ಲಿ ಮಗು ಬೆತ್ತಕ್ಕೆ ಹೆದರಿ ಮೆಲ್ಲಗೆ ಅಳಲು ಕಲಿಯಬೇಕು ಅಂದವರು. ಅಂಥವರೂ 1732ರ ಕಾಗದದಲ್ಲಿ ಒಂದು ನಿಯಮ ಬರೆದಿದ್ದಾರೆ: ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುತ್ತೇನೆ ಎಂದ ಮಗುವನ್ನು ಹೊಡೆಯಬಾರದು. ಏಕೆಂದರೆ ಶಿಕ್ಷೆಯ ಭಯಕ್ಕೆ ಮಕ್ಕಳು ಸುಳ್ಳು ಹೇಳುತ್ತಾರೆ, ಆ ಚಾಳಿ ಹೋಗುವುದೇ ಕಷ್ಟ. ನಮ್ಮ ಮನೆಯಲ್ಲಿ ಆಗಲೇ ಅದು ಶುರುವಾಗಿತ್ತು. ಒಡೆದ ಲೋಟದ ಚೂರುಗಳು ಮಂಚದ ಕೆಳಗೆ ಸಿಕ್ಕಿದ್ದವು, ಬಟ್ಟೆಯಲ್ಲಿ ಸುತ್ತಿಟ್ಟು.

ಸೌಟು ಅಡುಗೆಮನೆಗೆ ವಾಪಸ್ ಹೋಯಿತು. ಮೊದಲ ತಿಂಗಳು ನರಕ. ಹೊಡೆತ ನಿಂತಿತು, ನನ್ನ ಬಾಯಿ ಜೋರಾಯಿತು. ಮಗಳು ನನ್ನನ್ನು ಪರೀಕ್ಷೆ ಮಾಡುವಂತೆ ಹಟ ಹಿಡಿಯುತ್ತಿದ್ದಳು. ಹೆಂಡತಿ ಒಂದು ರಾತ್ರಿ "ನೀವು ಸೌಟು ಬಿಟ್ಟು ನಾಲಿಗೆ ಹಿಡ್ಕೊಂಡಿದೀರಿ" ಅಂದಳು. ಕೊಲೊಸ್ಸೆ 3:21ರಲ್ಲಿ ಮಕ್ಕಳನ್ನು ಕೆಣಕಬೇಡಿ, ಮನಗುಂದೀತು ಎಂದು ಹೇಳಿರುವುದು ತಂದೆಯರಿಗೇ ಅಲ್ವಾ?

ನಿಧಾನಕ್ಕೆ ದಾರಿ ತೋರಿಸಿದ್ದು ಜಕ್ಕಾಯನ ಕಥೆ. ಯೇಸು ಆ ಸುಂಕದವನಿಗೆ ಶಿಕ್ಷೆ ಕೊಡಲಿಲ್ಲ, ಅವನ ಮನೆಗೆ ಹೋದ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಎಂದು ಜಕ್ಕಾಯನೇ ಅಂದ. ನಮ್ಮ ಮನೆಯಲ್ಲೂ ಕೆಡಿಸಿದ್ದನ್ನು ಸರಿ ಮಾಡಬೇಕು ಎಂದಾಯಿತು. ಮಗಳು ಜಗಳದಲ್ಲಿ ತಮ್ಮನ ಚಿತ್ರದ ಪುಸ್ತಕ ಹರಿದಳು. ಟೇಪು ಕತ್ತರಿ ತಂದು ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ಹಿಡಿಯಿತು. ಆನೆಯ ಸೊಂಡಿಲು ಸೊಟ್ಟಗೆ ಅಂಟಿತು. ಮೂರು ಏಟಿಗೆ ಒಂದು ನಿಮಿಷವೂ ಬೇಡ, ಇದಕ್ಕೆ ಒಂದು ಸಂಜೆಯೇ ಹೋಯಿತು. ಹೊಡೆಯುವುದನ್ನು ಬಿಟ್ಟವರು ಈ ಸಮಯದ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ.

ರಸ್ತೆಗೆ ಓಡಿದರೆ ಏನು ಮಾಡ್ತೀಯ ಎಂದು ಎಲ್ಲರೂ ಕೇಳುತ್ತಾರೆ. ಕೈ ಹಿಡಿದುಕೊಳ್ಳುತ್ತೇನೆ. ಮೂರು ವರ್ಷದ ಮಗುವಿನ ಕೈ ಬಿಟ್ಟಿದ್ದು ನನ್ನ ತಪ್ಪು.

ನಮ್ಮಪ್ಪ ಇನ್ನೂ ಒಪ್ಪಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ನಿನ್ನನ್ನೂ ಹೊಡೆದೇ ಬೆಳೆಸಿದ್ದು" ಅನ್ನುತ್ತಾರೆ. ದೇವರು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಎಂಬ ಇಬ್ರಿಯ ಪತ್ರಿಕೆಯ 12ನೇ ಅಧ್ಯಾಯವನ್ನು ಮುಂದಿಡುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಹದಿನಾರರಲ್ಲಿ ನಾನು ಏನೇನು ಮುಚ್ಚಿಟ್ಟಿದ್ದೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ನಾನೇನು ಸಾಧಿಸಿದವನಲ್ಲ. ಹೋದ ವರ್ಷ ಮಗನ ಬೆನ್ನಿಗೆ ಒಂದು ಬಾರಿಸಿಬಿಟ್ಟೆ, ಈ ಸಲ ಸಿಟ್ಟಿನಲ್ಲೇ. ಆಮೇಲೆ ಹೋಗಿ ತಪ್ಪಾಯ್ತು ಅಂದೆ. "ಆದರೆ ನೀನೂ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಗಳಿಗೆ ಈಗ ಒಂಬತ್ತು. ಮೊನ್ನೆ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಹೊದಿಕೆಯೊಳಗಿಂದ ಕೇಳಿದಳು, "ಅಪ್ಪಾ, ಒಂದು ವಿಷಯ ಹೇಳಿದ್ರೆ ಸಿಟ್ಟು ಬರುತ್ತಾ?"

"ಬರಬಹುದು. ಹೊಡೆಯಲ್ಲ."

ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಬೆಳಿಗ್ಗೆ ಹೇಳ್ತೀನಿ" ಅಂದು ಮಗ್ಗುಲಾದಳು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಬಂದು ಹೇಳಿದಳು. ಸಿಟ್ಟು ಬಂತು.