ನಾಲ್ಕು ಟೂರ್ನಿ, ಒಂದೇ ಪಟ್ಟಿ: ಇಂಗ್ಲಿಷ್ ಕ್ಲಬ್ಬಿನ ಸೀಸನ್ ಲೆಕ್ಕ ಇಡುವ ಬಗೆ

ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಕ್ಲಬ್ಬು ಒಂದೇ ಸೀಸನ್‌ನಲ್ಲಿ ದೇಶದೊಳಗಿನ ಪ್ರೀಮಿಯರ್ ಲೀಗ್, ಎಫ್‌ಎ ಕಪ್, ಲೀಗ್ ಕಪ್, ಜೊತೆಗೆ ಯುರೋಪಿನ ಚಾಂಪಿಯನ್ಸ್ ಲೀಗ್ ನಾಲ್ಕನ್ನೂ ಆಡುತ್ತದೆ. ನಾಲ್ಕಕ್ಕೆ ನಾಲ್ಕು ಪಟ್ಟಿ ಇಟ್ಟರೆ ಡಿಸೆಂಬರ್ ಹೊತ್ತಿಗೆ ಲೆಕ್ಕ ಕೈತಪ್ಪುತ್ತದೆ. ಆಡುವ ಕಾಲುಗಳು ಅವೇ ತಾನೆ. ಮಂಗಳವಾರದ ದಣಿವು ಶನಿವಾರ ಕಾಣುತ್ತದೆ. ದಿನಾಂಕದ ಪ್ರಕಾರ, ಪಂದ್ಯಕ್ಕೊಂದು ಸಾಲಿನಂತೆ ಒಂದೇ ಉದ್ದ ಪಟ್ಟಿ ಮಾಡಿ.

ಸಾಲುಗಳೆಷ್ಟು ಬೇಕು? 2021–22ರ ಲಿವರ್‌ಪೂಲ್ ಈ ನಾಲ್ಕರಲ್ಲೂ ಕೊನೆಯ ಪಂದ್ಯದ ತನಕ ಹೋಯಿತು: ಲೀಗ್ 38, ಎಫ್‌ಎ ಕಪ್ 6, ಲೀಗ್ ಕಪ್ 6, ಚಾಂಪಿಯನ್ಸ್ ಲೀಗ್ 13, ಒಟ್ಟು 63. ಈಗ ಅಷ್ಟು ಸಾಲದು. 2024–25ರಿಂದ ಚಾಂಪಿಯನ್ಸ್ ಲೀಗ್‌ನಲ್ಲಿ 36 ತಂಡಗಳಿಗೆ ಒಂದೇ ಅಂಕಪಟ್ಟಿ. ಪ್ರತಿ ತಂಡಕ್ಕೆ ಎಂಟು ಪಂದ್ಯ, ನಾಲ್ಕು ತವರಿನಲ್ಲಿ, ನಾಲ್ಕು ಹೊರಗೆ. ಮೊದಲ ಎಂಟು ತಂಡಗಳಿಗೆ ನೇರ 16ರ ಘಟ್ಟ. 9ರಿಂದ 24ರವರೆಗಿನವರಿಗೆ ಎರಡು ಲೆಗ್‌ಗಳ (ತವರಿನಲ್ಲೊಂದು, ಹೊರಗೊಂದು ಪಂದ್ಯ) ಪ್ಲೇಆಫ್. ಉಳಿದವರು ಮನೆಗೆ, ಯುರೋಪಿನ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗಿಗೆ ಇಳಿಯುವ ಹಳೆಯ ದಾರಿ ಮುಚ್ಚಿದೆ. ಫೈನಲ್ ತನಕ 15 ಪಂದ್ಯ, ಪ್ಲೇಆಫ್ ಆಡಿದರೆ 17. ಅಂದರೆ 67 ಸಾಲು ಬಿಡಿ.

ಪೆನ್ಸಿಲ್‌ನಲ್ಲೇ ಬರೆಯಿರಿ. ಜೂನ್‌ನಲ್ಲಿ ಬರುವ ಲೀಗ್ ವೇಳಾಪಟ್ಟಿಯನ್ನು ಟಿವಿಯವರು ಆಮೇಲೆ ಅಲುಗಾಡಿಸುತ್ತಾರೆ. ಯುರೋಪಿನಲ್ಲಿ ಆಡುವ ಕ್ಲಬ್ಬು ಲೀಗ್ ಕಪ್‌ಗೆ ಮೂರನೇ ಸುತ್ತಿನಲ್ಲಿ, ಎಫ್‌ಎ ಕಪ್‌ಗೆ ಜನವರಿಯ ಮೂರನೇ ಸುತ್ತಿನಲ್ಲಿ ಕಾಲಿಡುತ್ತದೆ. ಕಪ್ ಫೈನಲ್ ಬಂದ ವಾರಾಂತ್ಯದ ಲೀಗ್ ಪಂದ್ಯ ಮುಂದಕ್ಕೆ ಹೋದರೆ ಅದನ್ನು ಅಳಿಸದೆ ‘ಬಾಕಿ’ ಎಂದು ಗುರುತು ಹಾಕಿ. ಅಂಕಪಟ್ಟಿ ನೋಡುವಾಗ ಆ ಬಾಕಿಯನ್ನೂ ಎಣಿಸಬೇಕು, ಆದರೆ ಮೂರು ಅಂಕ ಕೈಗೆ ಬಂದಂತೆ ಕೂಡಿಸಿಬಿಡಬೇಡಿ.

ಅತಿ ಹೆಚ್ಚು ತಪ್ಪಾಗುವುದು ಸಮಯದಲ್ಲಿ. ಬ್ರಿಟನ್ನಿನ ಗಡಿಯಾರ ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಅಲ್ಲಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ಸೆಪ್ಟೆಂಬರ್‌ನಲ್ಲಿ ನಮಗೆ ರಾತ್ರಿ 7.30, ಡಿಸೆಂಬರ್‌ನಲ್ಲಿ 8.30. ಅಲ್ಲಿನ ರಾತ್ರಿ 8ರ ಪಂದ್ಯ ನಮಗೆ 12.30 ಅಥವಾ 1.30, ಅಷ್ಟರಲ್ಲಿ ತಾರೀಖೇ ಬದಲಾಗಿರುತ್ತದೆ. ಮಂಗಳವಾರದ ಪಂದ್ಯವನ್ನು ‘ಬುಧವಾರ ನಸುಕು’ ಎಂದೇ ಬರೆಯಿರಿ. ಇಲ್ಲವಾದರೆ ಒಂದು ರಾತ್ರಿ ತಪ್ಪಾಗಿ ಎಚ್ಚರವಿರುತ್ತೀರಿ.

ಕಾರ್ಡ್‌ಗಳಿಗೆ ಮಾತ್ರ ಬೇರೆ ಬೇರೆ ಕಾಲಂ ಬೇಕು. ಹಳದಿ ಕಾರ್ಡ್ ಟೂರ್ನಿಯಿಂದ ಟೂರ್ನಿಗೆ ದಾಟುವುದಿಲ್ಲ. ಲೀಗ್‌ನ ಮೊದಲ 19 ಪಂದ್ಯಗಳೊಳಗೆ ಐದು ಹಳದಿಯಾದರೆ ಲೀಗ್‌ನಲ್ಲೇ ಒಂದು ಪಂದ್ಯ ಹೊರಗೆ; ಚಾಂಪಿಯನ್ಸ್ ಲೀಗ್‌ನಲ್ಲಿ ಮೂರಕ್ಕೇ ಆ ಶಿಕ್ಷೆ. ದೇಶೀ ಪಂದ್ಯದ ನೇರ ಕೆಂಪು ಕಾರ್ಡ್ ಮೂರೂ ದೇಶೀ ಟೂರ್ನಿಗಳಿಗೆ ಅನ್ವಯ, ಯುರೋಪಿಗಲ್ಲ.

ಕೊನೆಯ ಕಾಲಂ ನಿಮಿಷಗಳದ್ದು: 90, ಅಥವಾ ಹೆಚ್ಚುವರಿ ಸಮಯ ಸೇರಿದರೆ 120. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಪಟ್ಟಿಯಲ್ಲಿ ಅತಿ ಹೆಚ್ಚು ಹೇಳುವುದು ಇದೇ. ಲೀಗ್ ಕಪ್ ಕ್ವಾರ್ಟರ್ ಫೈನಲ್‌ವರೆಗೆ ಹೆಚ್ಚುವರಿ ಸಮಯವಿಲ್ಲ, ನೇರ ಪೆನಾಲ್ಟಿ. ಫೈನಲ್‌ನಲ್ಲಿ ಉಂಟು. 2022ರ ಮೇ 14, ಶನಿವಾರ ಲಿವರ್‌ಪೂಲ್ ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿ ಎದುರು 120 ನಿಮಿಷ ಗೋಲಿಲ್ಲದೆ ಆಡಿ ಪೆನಾಲ್ಟಿಯಲ್ಲಿ 6–5ರಿಂದ ಗೆದ್ದಿತು. ತಂಡದ ಪ್ರಮುಖ ಆಟಗಾರರಾದ ಸಲಾ, ವ್ಯಾನ್ ಡೈಕ್ ಇಬ್ಬರೂ ನೋವಿನಿಂದ ಹೊರನಡೆದಿದ್ದರು. ಮಂಗಳವಾರವೇ ಸೌತಾಂಪ್ಟನ್‌ನಲ್ಲಿ ಲೀಗ್ ಪಂದ್ಯ. ಆಗಿನ ಕೋಚ್ ಕ್ಲೋಪ್ ಒಂಬತ್ತು ಮಂದಿಯನ್ನು ಬದಲಿಸಿದರು, 2–1ರಿಂದ ಗೆದ್ದರು. ನಿಮಿಷದ ಕಾಲಂ ಇದ್ದವರಿಗೆ ಆ ಹನ್ನೊಂದರ ಪಟ್ಟಿ ಮೊದಲೇ ಊಹಿಸಬಹುದಾಗಿತ್ತು.