ಏಟು ತಿಂದ ರೌಂಡ್‌ಗಳಲ್ಲಿ ಮೇವೆದರ್ ಡಿಫೆನ್ಸ್ ನೋಡಿದ್ದು

ಒಬ್ಬ ಬಾಕ್ಸರ್‌ನ ಡಿಫೆನ್ಸ್ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಅವನು ಒದ್ದಾಡಿದ ರೌಂಡ್‌ಗಳನ್ನು ನೋಡಬೇಕು. ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ವಿಷಯದಲ್ಲಿ ಇದು ಸ್ವಲ್ಪ ಕಷ್ಟ. ಪ್ರೊಫೆಷನಲ್ ಆಗಿ 50 ಫೈಟ್ ಆಡಿ 50ನ್ನೂ ಗೆದ್ದವನು. ಆದರೂ ಹುಡುಕಿದರೆ ಸಿಗುತ್ತವೆ. ನಾನು ಮುಖ್ಯವಾಗಿ ಹಿಡಿದುಕೊಂಡದ್ದು ಎರಡು: 2010ರ ಮೇ 1ರಂದು ಶೇನ್ ಮೋಸ್ಲಿ ಜೊತೆಗಿನ ಎರಡನೇ ರೌಂಡ್, ಮತ್ತೆ 2014ರ ಮೇ 3ರಂದು ಮಾರ್ಕೋಸ್ ಮೈದಾನಾ ಜೊತೆಗಿನ ಮೊದಲ ಅರ್ಧ. ಎರಡೂ ಲಾಸ್ ವೇಗಸ್‌ನಲ್ಲಿ ನಡೆದ ಫೈಟ್‌ಗಳು.

ನಾನು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಫೋನಿನಲ್ಲಿ ಮೇವೆದರ್ ರೀಲ್ಸ್ ನೋಡಿಕೊಂಡು ಬಂದು ಸುಮ್ನೆ ಎಡಗೈ ಇಳಿಬಿಟ್ಟು ನಿಲ್ಲುತ್ತಾರೆ. ರೀಲ್ಸ್‌ನಲ್ಲಿ ಇರುವುದು ಅವನು ತಪ್ಪಿಸಿಕೊಂಡ ಪಂಚ್‌ಗಳು ಮಾತ್ರ, ಅಲ್ವಾ? ತಪ್ಪಿಸಿಕೊಂಡ ಮೇಲೆ ಎಲ್ಲಿ ನಿಂತ, ಅಲ್ಲಿಂದ ತಿರುಗಿ ಹೊಡೆಯೋಕೆ ಆಯಿತಾ ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

ಸೌಂಡ್ ಆಫ್ ಮಾಡಿ ನೋಡಿದೆ. ತೋಳಿಗೆ ಬಿದ್ದ ಪಂಚ್‌ಗೂ ಜನ ಕೂಗುತ್ತಾರೆ, ಕಾಮೆಂಟರಿ ಹೇಳುವವರು ಇನ್ನೂ ಜಾಸ್ತಿ ಕೂಗುತ್ತಾರೆ. ಒಂದೇ ರೌಂಡನ್ನು ಮೊದಲು ಕಾಲಿಗಾಗಿ ನೋಡಿದೆ, ಆಮೇಲೆ ಎದುರಾಳಿಗಾಗಿ, ಕೈಗಳನ್ನು ಕೊನೆಗೆ ಇಟ್ಟುಕೊಂಡೆ. ಕಬಡ್ಡಿಯಲ್ಲಿ ರೈಡರ್‌ನ ಕೈಯನ್ನೇ ನೋಡುತ್ತಾ ನಿಂತರೆ ಮೋಸ ಹೋಗುತ್ತೇವಲ್ಲ, ಇಲ್ಲೂ ಹಾಗೆ.

ಅವನ ನಿಲುವು ನಿಮಗೆ ಗೊತ್ತಿರಬಹುದು. ಎಡಗೈ ಹೊಟ್ಟೆಗೆ ಅಡ್ಡ. ಎಡ ಭುಜ ಎತ್ತಿ ಗದ್ದ ಮುಚ್ಚಿರುತ್ತದೆ. ಬಲಗೈ ಕೆನ್ನೆಯ ಹತ್ತಿರ. ಎದುರಾಳಿ ಬಲಗೈಯಲ್ಲಿ ನೇರ ಹೊಡೆದರೆ ಸೊಂಟ ತಿರುಗುತ್ತದೆ, ಪಂಚ್ ಭುಜಕ್ಕೆ ತಾಗಿ ಜಾರಿಹೋಗುತ್ತದೆ. ಇದನ್ನೇ ಶೋಲ್ಡರ್ ರೋಲ್ ಅನ್ನುವುದು. ಭುಜ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲಸ ನಡೆಯುವುದು ಮಾತ್ರ ಹಿಂದಿನ ಕಾಲಿನಲ್ಲಿ. ಸೊಂಟ ತಿರುಗಿದಾಗ ಮೈಭಾರ ಬಲಗಾಲಿಗೆ ಹೋಗಿ ಕೂತಿರುತ್ತದೆ. ಅಂದರೆ ತಪ್ಪಿಸಿಕೊಳ್ಳುವಾಗಲೇ ಬಲಗೈ ಕೌಂಟರ್‌ಗೆ (ತಿರುಗೇಟಿಗೆ) ತಯಾರಿ ಆಗಿಬಿಟ್ಟಿದೆ. ಹಿಂದಿನ ಕಾಲಿಗೆ ಜಾಗ ಇಲ್ಲದಿದ್ದರೆ ಇದು ಅರ್ಧಕ್ಕೇ ನಿಲ್ಲುತ್ತದೆ.

ಮೈದಾನಾ ಮಾಡಿದ್ದು ಆ ಜಾಗ ಕಿತ್ತುಕೊಳ್ಳುವ ಕೆಲಸ. ಮೊದಲ ರೌಂಡ್‌ನ ಬೆಲ್ ಹೊಡೆದಾಗಿನಿಂದಲೇ ಮೇವೆದರ್‌ನನ್ನು ಹಗ್ಗಕ್ಕೆ ತಳ್ಳಿದ. ಬೆನ್ನಿಗೆ ಹಗ್ಗ, ಎದೆಗೆ ಮೈದಾನಾನ ತಲೆ. ಸೊಂಟ ತಿರುಗಿಸೋಕೆ ಎಲ್ಲಿದೆ ಜಾಗ? ಅದರ ಮೇಲೆ ಮೈದಾನಾನ ಬಲಗೈ ನೇರವಾಗಿ ಬರುತ್ತಿರಲಿಲ್ಲ. ಮೇಲಿಂದ ಸುತ್ತಿ, ಭುಜ ದಾಟಿ ತಲೆಗೆ ಬೀಳುತ್ತಿತ್ತು. ನೇರ ಪಂಚ್ ತಡೆಯುವ ಭುಜ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಪಂಚ್ ಎಣಿಸುವ ಕಾಂಪ್ಯೂಬಾಕ್ಸ್ ಸಂಸ್ಥೆಯ ಲೆಕ್ಕದಲ್ಲಿ ಅವನ 858 ಪಂಚ್‌ಗಳಲ್ಲಿ 221 ತಾಗಿದವು. ಅಲ್ಲಿಯವರೆಗೆ ಅವರು ಎಣಿಸಿದ ಮೇವೆದರ್ ಫೈಟ್‌ಗಳಲ್ಲಿ ಅಷ್ಟು ಯಾರೂ ಮುಟ್ಟಿಸಿರಲಿಲ್ಲ. (ರಿಂಗ್ ಪಕ್ಕ ಕೂತವರು ಕಣ್ಣಲ್ಲಿ ನೋಡಿ ಬಟನ್ ಒತ್ತಿ ಮಾಡುವ ಎಣಿಕೆ ಅದು. ನಾನು ಅದನ್ನು ಅಂದಾಜು ಅಂತಲೇ ತಗೊಳ್ಳುತ್ತೇನೆ.)

ಎರಡನೇ ಅರ್ಧದಲ್ಲಿ ಮೇವೆದರ್ ರಿಂಗ್ ನಡುವೆ ಇರೋಕೆ ಶುರು ಮಾಡಿದ. ಅಲ್ಲಿ ಅವನ ನೇರ ಬಲಗೈ ಮೈದಾನಾಗೆ ಸಿಕ್ಕಾಪಟ್ಟೆ ತಾಗಿತು. ಒಬ್ಬ ಜಡ್ಜ್ 114-114 ಅಂತ ಸಮ ಕೊಟ್ಟರು, ಉಳಿದಿಬ್ಬರು 117-111 ಮತ್ತು 116-112 ಅಂತ ಮೇವೆದರ್‌ಗೆ ಕೊಟ್ಟರು (ರೌಂಡ್ ಗೆದ್ದವನಿಗೆ 10 ಪಾಯಿಂಟ್, ಸೋತವನಿಗೆ ಸಾಮಾನ್ಯವಾಗಿ 9). ಸೆಪ್ಟೆಂಬರ್‌ನಲ್ಲಿ ಮತ್ತೆ ಇಬ್ಬರೂ ಆಡಿದಾಗ ಮೇವೆದರ್ ಹಗ್ಗದ ಹತ್ತಿರ ನಿಲ್ಲುವುದನ್ನು ಕಡಿಮೆ ಮಾಡಿದ. ಮೈದಾನಾ ಒಳಗೆ ನುಗ್ಗಿದರೆ ಕ್ಲಿಂಚ್, ಅಂದರೆ ಅಪ್ಪಿ ಹಿಡಿಯುವುದು. ನೋಡೋಕೆ ಬೋರು. ಡಿಫೆನ್ಸ್ ಅಂತ ನೋಡಿದರೆ ಮೊದಲ ಫೈಟ್‌ಗಿಂತ ಚೆನ್ನಾಗಿತ್ತು ಅನ್ನುತ್ತೇನೆ.

ಮೋಸ್ಲಿ ಫೈಟ್ ಬೇರೆ ಥರ. ಎರಡನೇ ರೌಂಡ್‌ನಲ್ಲಿ ಮೋಸ್ಲಿಯ ಬಲಗೈ ತಾಗಿ ಮೇವೆದರ್ ಮೊಣಕಾಲು ಬಗ್ಗಿತು. ನಾನು ಜಾಸ್ತಿ ಸಲ ಹಿಂದಕ್ಕೆ ಓಡಿಸಿ ನೋಡಿದ್ದು ಅದರ ನಂತರದ ಕ್ಷಣಗಳನ್ನು. ಏಟು ಬಿದ್ದಾಗ ಅವನು ಓಡಲಿಲ್ಲ, ಸಿಟ್ಟಿನಲ್ಲಿ ತಿರುಗಿ ಬೀಸಲೂ ಇಲ್ಲ. ಮೋಸ್ಲಿಯ ಕೈ ಹಿಡಿದು ಮೈಗೆ ಅಂಟಿಕೊಂಡ. ಆಮೇಲಿನ ರೌಂಡ್‌ಗಳಲ್ಲಿ ಹಿಂದೆ ಸರಿಯುವುದನ್ನು ಬಿಟ್ಟು ಮುಂದಕ್ಕೇ ನಡೆದ. ದೂರದಿಂದ ಹಾರಿ ಬಂದು ಹೊಡೆಯುವ ಮೋಸ್ಲಿಗೆ ಆ ದೂರವೇ ಸಿಗದ ಹಾಗೆ ಆಯಿತು. ಇಬ್ಬರು ಜಡ್ಜ್‌ಗಳ ಕಾರ್ಡ್ 119-109. ಅಂದರೆ ಅವರ ಪ್ರಕಾರ ಮೋಸ್ಲಿಗೆ ದಕ್ಕಿದ್ದು ಒಂದೇ ರೌಂಡ್. ಮುಂದೆ ನಡೆಯುವುದೂ ಡಿಫೆನ್ಸೇ ಅಂತ ಹುಡುಗರಿಗೆ ತೋರಿಸೋಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

2015ರ ಮೇ 2ರ ಪ್ಯಾಕಿಯಾವೋ ಫೈಟನ್ನೂ ಹೀಗೇ ನೋಡಿದೆ. ಪ್ಯಾಕಿಯಾವೋ ಸೌತ್‌ಪಾ, ಅಂದರೆ ಬಲಗೈ, ಬಲಗಾಲು ಮುಂದಿಟ್ಟು ನಿಲ್ಲುವವನು. ಅವನ ಜೋರು ಪಂಚ್ ಎಡಗೈಯದು, ಅದು ಮೇವೆದರ್‌ನ ತೆರೆದ ಬದಿಗೆ ಬರುತ್ತದೆ. ಹಾಗಾಗಿ ಭುಜಕ್ಕೆ ಕೆಲಸ ಕಡಿಮೆ. ನೇರ ಬಲಗೈ ಹೊಡೆದು ತಕ್ಷಣ ಹಿಂದೆ ಸರಿಯುವುದು, ಇಲ್ಲವೇ ಅಪ್ಪಿ ಹಿಡಿಯುವುದು ಹೆಚ್ಚು. ಕಾಂಪ್ಯೂಬಾಕ್ಸ್ ಲೆಕ್ಕದಲ್ಲಿ ಪ್ಯಾಕಿಯಾವೋನ 429 ಪಂಚ್‌ಗಳಲ್ಲಿ 81 ಮಾತ್ರ ತಾಗಿದವು. ಹೆಸರುವಾಸಿ ಭುಜವನ್ನು ಪಕ್ಕಕ್ಕಿಟ್ಟೂ ಇಷ್ಟು ಮಾಡಿದ. ಅದಕ್ಕೇ 'ಮೇವೆದರ್ ಅಂದರೆ ಶೋಲ್ಡರ್ ರೋಲ್' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹುಡುಗರಿಗೆ ಶೋಲ್ಡರ್ ರೋಲ್ ಹೇಳಿಕೊಡುವುದಿಲ್ಲ, ಸದ್ಯಕ್ಕಂತೂ ಇಲ್ಲ. ದೊಡ್ಡ ಪ್ರೊಫೆಷನಲ್ ಫೈಟ್‌ಗಳಲ್ಲಿ 12 ರೌಂಡ್ ಇರುತ್ತವೆ. ಮೊದಲ ಕೆಲವನ್ನು ಎದುರಾಳಿಯನ್ನು ಓದೋಕೆ ಖರ್ಚು ಮಾಡಬಹುದು, ಮೇವೆದರ್ ಮಾಡುತ್ತಿದ್ದದ್ದೂ ಅದೇ. ನಮ್ಮ ಹುಡುಗರಿಗೆ ಸಿಗುವುದು ಮೂರೇ ರೌಂಡ್. ಹಗ್ಗಕ್ಕೆ ಬೆನ್ನು ತಾಗುವ ಮೊದಲೇ ಪಕ್ಕಕ್ಕೆ ಹೆಜ್ಜೆ ಹಾಕುವುದು, ಏಟು ಬಿದ್ದ ಕೂಡಲೇ ಎದುರಾಳಿಯ ಕೈ ಕಟ್ಟುವುದು, ಇವೆರಡನ್ನು ಈಗ ಅಭ್ಯಾಸ ಮಾಡಿಸುತ್ತಿದ್ದೇನೆ. ಎಡಗೈ ಕೆನ್ನೆಯ ಹತ್ತಿರವೇ ಇರಲಿ.