ಧ್ವನಿಮುದ್ರಣದ ಕೋಣೆಗೆ ನಾನೇ ಮಾಡಿಕೊಂಡ ಟೈಮ್‌ಕೋಡ್ ಫಲಕ

ಬೆಂಗಳೂರಿನ ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ನೃತ್ಯರೂಪಕಗಳ ಸಂಗೀತವನ್ನು ಧ್ವನಿಮುದ್ರಿಸುವಾಗ, ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಮೈಕಿಗೆ ಸೇರುತ್ತದೆಂದು ಅದನ್ನು ಪಕ್ಕದ ಕೋಣೆಗೆ ಸಾಗಿಸಿದೆ. ಸದ್ದೇನೋ ಹೋಯಿತು, ಆದರೆ ನುಡಿಸುವವರಿಗೆ ಹಾಡು ಎಲ್ಲಿಗೆ ಬಂದಿದೆ ಎಂಬುದೇ ಕಾಣದಂತಾಯಿತು. 2 ನಿಮಿಷ 14 ಸೆಕೆಂಡಿಗೆ ಕೊಳಲು ಎತ್ತಿಕೊಳ್ಳಬೇಕು ಎಂದು ಹಾಳೆಯಲ್ಲಿ ಬರೆದುಕೊಟ್ಟರೆ, ಕೊಳಲಿನ ವಿದ್ವಾಂಸರು ಹಾಳೆಯನ್ನು ನೋಡಿ, ಗೋಡೆಗಳನ್ನೂ ಒಮ್ಮೆ ನೋಡಿ, "ಸರಿ ಸಾರ್, ಗಡಿಯಾರ ಎಲ್ಲಿದೆ?" ಎಂದು ಕೇಳಿದರು.

ಮೊಬೈಲ್ ಫೋನನ್ನೇ ಎರಡನೆಯ ಪರದೆಯಾಗಿ ಬಳಸಬಹುದಿತ್ತು. ಆದರೆ ವೈಫೈ ಮೂಲಕ ಬರುವ ಸಮಯ ಒಮ್ಮೊಮ್ಮೆ ತಡವರಿಸುತ್ತದೆ, ಪರದೆ ಆರಿಹೋಗುತ್ತದೆ, ನಡುವೆ ಕರೆಯೂ ಬರುತ್ತದೆ. ನನಗೆ ಬೇಕಾಗಿದ್ದದ್ದು ಹದಿನೈದು ಅಡಿ ದೂರದಿಂದ ಓದಬಹುದಾದ, ಬೇರೇನನ್ನೂ ಮಾಡದ ಎಂಟು ಕೆಂಪು ಅಂಕಿಗಳು: ಗಂಟೆ, ನಿಮಿಷ, ಸೆಕೆಂಡು ಮತ್ತು ಫ್ರೇಮು (ವೀಡಿಯೊದ ಒಂದೊಂದು ಚಿತ್ರ).

ಧ್ವನಿಮುದ್ರಣಕ್ಕೆ ನಾನು ಬಳಸುವ ರೀಪರ್ ತಂತ್ರಾಂಶ ಮಿಡಿ ಟೈಮ್‌ಕೋಡನ್ನು, ಅಂದರೆ ಹಾಡು ಎಲ್ಲಿಗೆ ಬಂದಿದೆ ಎಂದು ಹೇಳುತ್ತಾ ಹೋಗುವ ಸಂಕೇತವನ್ನು, ತಾನೇ ಹೊರಡಿಸಬಲ್ಲದು. ಮಿಡಿ ಎಂಬುದು 1983ರಿಂದ ಸಂಗೀತದ ಕೀಬೋರ್ಡುಗಳು ಪರಸ್ಪರ ಮಾತನಾಡಲು ಬಳಸುತ್ತಿರುವ ಹಳೆಯ ಏರ್ಪಾಡು. ಐದು ಪಿನ್ನುಗಳ ದುಂಡನೆಯ ಕನೆಕ್ಟರಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಹರಿಯುತ್ತದೆ. ಫಲಕವನ್ನು ನಡೆಸುವುದು ಆರ್ಡುಯಿನೊ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು; 16 ಮೆಗಾಹರ್ಟ್ಸಿನಲ್ಲಿ ಓಡುವ ಅದರ ಗಡಿಯಾರವನ್ನು ಭಾಗಿಸಿದರೆ ಈ ವೇಗ ಚೂರೂ ತಪ್ಪಿಲ್ಲದೆ ಸಿಗುತ್ತದೆ. ಮಿಡಿಯ ತಂತಿ 15 ಮೀಟರಿನವರೆಗೆ ಹೋಗಬಹುದು. ನನಗೆ ಗೋಡೆಯ ತೂತಿನ ಮೂಲಕ 8 ಮೀಟರ್ ಸಾಕಾಯಿತು.

ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಗೆ ಹೋದೆ. ಮೊದಲ ಸಲ ತಂದ ಅಂಕಿಗಳು ಕಾಮನ್ ಆನೋಡ್ (ಗೆರೆಗಳ ಧನ ತುದಿಗಳೆಲ್ಲ ಒಂದೇ ಕಾಲಿಗೆ ಸೇರಿದವು) ಆಗಿದ್ದವು. ಎಂಟು ಅಂಕಿಗಳನ್ನು ಒಂದೇ ಚಿಪ್ಪಿನಿಂದ ನಡೆಸುವ ಮ್ಯಾಕ್ಸ್ 7219ಕ್ಕೆ ಋಣ ತುದಿಗಳು ಒಂದಾಗಿ ಸೇರಿದ ಕಾಮನ್ ಕ್ಯಾಥೋಡ್ ಅಂಕಿಗಳೇ ಬೇಕು. ಅಂಗಡಿಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ, ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಕೊಳ್ಳುವ ಮುನ್ನ ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಒಂದೊಂದನ್ನೂ ಮುಟ್ಟಿಸಿ ನೋಡುವುದನ್ನು ಎರಡನೆಯ ಸಲ ಕಲಿತೆ. ಅಂಗೈಯಗಲದ ದೊಡ್ಡ ಅಂಕಿಗಳ ಆಸೆಯನ್ನೂ ಅಲ್ಲಿಯೇ ಬಿಟ್ಟೆ, ಏಕೆಂದರೆ ಅವುಗಳ ಒಂದೊಂದು ಗೆರೆಯಲ್ಲಿಯೂ ಹಲವು ಎಲ್‌ಇಡಿಗಳು ಸಾಲಾಗಿ ಇರುವುದರಿಂದ 5 ವೋಲ್ಟಿನ ಚಿಪ್ಪು ಅವನ್ನು ಬೆಳಗಿಸಲಾರದು. ಕೊನೆಗೆ 0.56 ಇಂಚಿನವು ಸಾಕಾದವು. ಬೆಳಕಿನ ಮಿತಿಯನ್ನು ನಿರ್ಧರಿಸುವ ರೆಸಿಸ್ಟರಾಗಿ 27 ಕಿಲೋಓಮ್ ಹಾಕಿದೆ. ಗೆರೆಯೊಂದಕ್ಕೆ ಸುಮಾರು 20 ಮಿಲಿಆಂಪಿಯರ್ ಹರಿಯುತ್ತದೆ.

ಅಂಕಿಗಳು ಒಂದು ಸಂಜೆಯಲ್ಲಿ ಬೆಳಗಿದವು. ಮಿಡಿಯನ್ನು ಒಳಗೆ ತೆಗೆದುಕೊಳ್ಳುವ ಭಾಗಕ್ಕೆ ಮೂರು ವಾರ ಹಿಡಿಯಿತು. ಇಲ್ಲಿ ಕೀಬೋರ್ಡಿನ ವಿದ್ಯುತ್ತು ನೇರವಾಗಿ ನಮ್ಮ ಸರ್ಕ್ಯೂಟನ್ನು ಮುಟ್ಟಬಾರದೆಂದು ನಡುವೆ ಆಪ್ಟೋಕಪ್ಲರ್ ಇಡುತ್ತಾರೆ. ಒಂದು ಕಡೆ ಬೆಳಕು ಮಿನುಗುತ್ತದೆ, ಇನ್ನೊಂದು ಕಡೆ ಅದನ್ನು ನೋಡಿ ಟ್ರಾನ್ಸಿಸ್ಟರ್ ತೆರೆದುಕೊಳ್ಳುತ್ತದೆ. ನಾನು ಬಳಸಿದ್ದು 6ಎನ್138. ಮಿಡಿ ಕನೆಕ್ಟರಿನ ನಾಲ್ಕನೆಯ ಪಿನ್ನಿಗೆ 220 ಓಮ್ ರೆಸಿಸ್ಟರ್, ತಿರುಗುಮುರುಗು ಜೋಡಣೆಯಿಂದ ಕಾಪಾಡಲು ಅಡ್ಡಲಾಗಿ ಒಂದು 1ಎನ್4148 ಡಯೋಡ್, ಹೊರಗಿನ ಕಡೆ 5 ವೋಲ್ಟಿಗೆ 1 ಕಿಲೋಓಮ್. ಇಷ್ಟಾದ ಮೇಲೆ ಸಮಯ ಓಡಿತು, ಆದರೆ ನಡುನಡುವೆ ನಿಮಿಷದ ಅಂಕಿ ತಟ್ಟನೆ ಬೇರೆಲ್ಲಿಗೋ ಜಿಗಿದು ಹಿಂದಿರುಗುತ್ತಿತ್ತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸುಸ್ತಾದ ಬಳಿಕ ತಿಳಿದದ್ದೇನೆಂದರೆ, ಈ ಚಿಪ್ಪು ತೆರೆದುಕೊಳ್ಳುವಷ್ಟು ಬೇಗ ಮುಚ್ಚಿಕೊಳ್ಳುವುದಿಲ್ಲ. ಮಿಡಿಯ ಒಂದು ಬಿಟ್ಟಿನ ಆಯಸ್ಸು ಕೇವಲ 32 ಮೈಕ್ರೋಸೆಕೆಂಡು. ಟ್ರಾನ್ಸಿಸ್ಟರ್ ಮುಚ್ಚಲು ತಡಮಾಡಿದರೆ ಮುಂದಿನ ಬಿಟ್ಟಿನ ಭಾಗವನ್ನು ಅದೇ ನುಂಗುತ್ತದೆ. ಚಿಪ್ಪಿನ ಏಳನೆಯ ಕಾಲಿನಿಂದ ಗ್ರೌಂಡಿಗೆ 10 ಕಿಲೋಓಮ್ ಬೆಸೆದ ಕೂಡಲೇ ಜಿಗಿತ ನಿಂತಿತು. ಎರಡು ರೂಪಾಯಿಯೂ ಬಾಳದ ವಸ್ತು ಅದು.

ಇನ್ನು ಟೈಮ್‌ಕೋಡಿನ ಸ್ವಭಾವ. ಇದು ಪೂರ್ತಿ ಸಮಯವನ್ನು ಒಂದೇ ಬಾರಿಗೆ ಹೇಳುವುದಿಲ್ಲ; ಎಂಟು ತುಣುಕುಗಳಾಗಿ ಒಡೆದು, ಪ್ರತಿ ಕಾಲು ಫ್ರೇಮಿಗೆ ಒಂದರಂತೆ ಕಳುಹಿಸುತ್ತದೆ. ಪ್ರತಿ ತುಣುಕೂ ಎರಡು ಬೈಟು: ಮೊದಲನೆಯದು ಹೆಕ್ಸಾಡೆಸಿಮಲ್ ಎಫ್1, ಎರಡನೆಯದರಲ್ಲಿ ತುಣುಕಿನ ಕ್ರಮಸಂಖ್ಯೆ ಮತ್ತು ನಾಲ್ಕು ಬಿಟ್ಟಿನ ಮಾಹಿತಿ. ನಾನು ನೃತ್ಯದ ವೀಡಿಯೊಗಳಿಗೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮುಗಳನ್ನು ಇಟ್ಟುಕೊಂಡಿದ್ದೇನೆ; ಹಾಗಾಗಿ ತುಣುಕುಗಳ ನಡುವೆ 10 ಮಿಲಿಸೆಕೆಂಡು, ಎಂಟೂ ಸೇರಿ ಮುಗಿಯುವುದಕ್ಕೆ ಎರಡು ಫ್ರೇಮು, ಅಂದರೆ 80 ಮಿಲಿಸೆಕೆಂಡು. ತೊಡಕು ಇಲ್ಲಿಯೇ ಇದೆ. ಎಂಟು ತುಣುಕುಗಳೂ ಹೇಳುವುದು ಮೊದಲ ತುಣುಕು ಹೊರಟ ಗಳಿಗೆಯ ಸಮಯವನ್ನು; ಜೋಡಿಸಿ ಮುಗಿಸುವಷ್ಟರಲ್ಲಿ ಅದು ಹಳಸಿರುತ್ತದೆ. ಆದ್ದರಿಂದ ಜೋಡಿಸಿದ ಸಮಯಕ್ಕೆ 2 ಫ್ರೇಮು ಕೂಡಿಸಿ, ಮುಂದಿನ ಸುತ್ತಿನ ಮೊದಲ ತುಣುಕು ಬಂದಾಗ ತೋರಿಸಬೇಕು. ಅದೇ ಸುತ್ತಿನ ಐದನೆಯ ತುಣುಕು ಬಂದಾಗ ಇನ್ನೊಂದು ಫ್ರೇಮನ್ನು ಕೂಡಿಸಬೇಕು. ಹೀಗೆ ಮಾಡದಿದ್ದರೆ ಫಲಕ ಸದಾ ಹಿಂದೆ ಉಳಿಯುವುದಲ್ಲದೆ ಒಂದು ಬಿಟ್ಟು ಒಂದು ಫ್ರೇಮನ್ನು ಹಾರಿಸುತ್ತದೆ.

ಕೂಡಿಸಿದೆ, ಸರಿಯಾಗಿದೆ ಎಂದುಕೊಂಡೆ. ಕಣ್ಣಿಗೆ ಕೊನೆಯ ಎರಡು ಅಂಕಿಗಳು ಬರೀ ಕೆಂಪು ಮಸುಕು. ಮಗಳು ಕುತೂಹಲಕ್ಕೆ ಫೋನಿನಲ್ಲಿ ನಿಧಾನಗತಿಯ ವೀಡಿಯೊ ತೆಗೆದು, "ಅಪ್ಪ, 25 ಅಂತ ಬರ್ತಿದೆ, 26 ಕೂಡ ಬಂತು" ಎಂದಳು. 25 ಫ್ರೇಮುಗಳ ಲೆಕ್ಕದಲ್ಲಿ ಇರುವುದು 00ರಿಂದ 24 ಮಾತ್ರ. ಕೂಡಿಸಿದ ಫ್ರೇಮು ಸೆಕೆಂಡಿನ ಅಂಚು ದಾಟಿದಾಗ ಸೆಕೆಂಡಿಗೆ ದಶಕ ಒಯ್ಯುವುದನ್ನು, ಮೂರನೆಯ ತರಗತಿಯ ಲೆಕ್ಕವನ್ನು, ನಾನು ಮರೆತಿದ್ದೆ. ಇದರ ಜೊತೆಗೆ ತುಣುಕುಗಳು ಒಂದರಿಂದ ಎಂಟರವರೆಗೆ ಕ್ರಮವಾಗಿ ಬಂದಿದ್ದರೆ ಮಾತ್ರ ಸಮಯವನ್ನು ನಂಬುವಂತೆ ತಿದ್ದಿದೆ. ಇಲ್ಲವಾದರೆ ಹಾಡಿನ ನಡುವೆ ಬೇರೆಡೆಗೆ ಜಿಗಿದಾಗ ಹಳೆಯ ನಿಮಿಷವೂ ಹೊಸ ಸೆಕೆಂಡೂ ಬೆರೆತು ಎಲ್ಲಿಯೂ ಇಲ್ಲದ ಸಮಯವೊಂದು ಮಿಂಚಿ ಹೋಗುತ್ತದೆ. ಕಾಲು ಸೆಕೆಂಡು ಏನೂ ಬರದಿದ್ದರೆ ಚುಕ್ಕೆಗಳು ಮಿಟುಕುತ್ತವೆ. ಹಾಡು ನಿಂತಿದೆ ಎಂದು ಅರ್ಥ.

ಎಲ್ಲ ಮುಗಿಯಿತೆಂದು ಹೆಡ್‌ಫೋನ್ ಹಾಕಿಕೊಂಡರೆ ಸಣ್ಣಗೆ ಒಂದು ಶಿಳ್ಳೆ ಕೇಳುತ್ತಿತ್ತು. ಕೀಬೋರ್ಡಿನಲ್ಲಿ ಹೋಲಿಸಿ ನೋಡಿದರೆ, ಒಂದನೆಯ ಮನೆಯ (ಕೀಬೋರ್ಡಿನ ಸಿ) ಶ್ರುತಿಗೆ ತಾರಸ್ಥಾಯಿಯ ಪಂಚಮದಿಂದ ಕೂದಲೆಳೆಯಷ್ಟು ಮೇಲೆ. ಮ್ಯಾಕ್ಸ್ 7219 ಎಂಟು ಅಂಕಿಗಳನ್ನೂ ಒಟ್ಟಿಗೆ ಬೆಳಗಿಸುವುದಿಲ್ಲ. ಸೆಕೆಂಡಿಗೆ ಸುಮಾರು 800 ಸುತ್ತಿನಂತೆ ಒಂದೊಂದನ್ನೇ ಬೆಳಗಿಸುತ್ತದೆ, ಆ ಪಂಚಮ ಅದರದ್ದೇ. ಅದು ಮೈಕಿನ ದಾರಿಗೆ ಬಂದದ್ದು ನನ್ನ ತಪ್ಪಿನಿಂದ: ಕನೆಕ್ಟರಿನ ನಡುವಿನ ಎರಡನೆಯ ಪಿನ್ನನ್ನು ಫಲಕದ ಗ್ರೌಂಡಿಗೆ ಜೋಡಿಸಿದ್ದೆ. ಅದು ಕಳುಹಿಸುವ ಕಡೆ ಮಾತ್ರ ಗ್ರೌಂಡಾಗಿರಬೇಕು, ಪಡೆಯುವ ಕಡೆ ಖಾಲಿ ಇರಬೇಕು. ಜೋಡಿಸಿದರೆ ಆಪ್ಟೋಕಪ್ಲರ್ ಇಟ್ಟ ಉದ್ದೇಶವೇ ವ್ಯರ್ಥ. ಆ ತಂತಿಯನ್ನು ಕತ್ತರಿಸಿ, ಫಲಕಕ್ಕೆ ಲ್ಯಾಪ್‌ಟಾಪಿನ ಯುಎಸ್‌ಬಿಯ ಬದಲು ಬೇರೆಯೇ ಚಾರ್ಜರ್ ಕೊಟ್ಟು, ಚಿಪ್ಪಿನ ಕಾಲಿನ ಬುಡದಲ್ಲಿಯೇ 10 ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ಬೆಸೆದೆ. ಪಂಚಮ ಅಡಗಿತು.

ಮರದ ಚೌಕಟ್ಟು, ಮುಂದೆ ಕೆಂಪು ಅಕ್ರಿಲಿಕ್ ಹಾಳೆ. ಪೆಟ್ಟಿಗೆಯ ವಿಷಯದಲ್ಲಿ ಹೇಳುವಂಥದ್ದು ಇಷ್ಟೇ. ಮುಂದಿನ ಧ್ವನಿಮುದ್ರಣಕ್ಕೆ ಬಂದ ಕೊಳಲಿನ ವಿದ್ವಾಂಸರು ಫಲಕವನ್ನು ಮೆಚ್ಚಿಕೊಂಡು ಕುಳಿತರು, ಎರಡು ಟೇಕ್ ಆದ ಮೇಲೆ ಎದ್ದು ಬಂದು, ತಮ್ಮ ಸ್ವರದ ಹಾಳೆಯನ್ನು ಮಡಿಚಿ, ಮೂರು ವಾರ ಒದ್ದಾಡಿದ ನನ್ನ ಫ್ರೇಮಿನ ಅಂಕಿಗಳಿಗೆ ಅಡ್ಡವಾಗಿ ಒರಗಿಸಿದರು. ಓಡುವ ಅಂಕಿ ಕಣ್ಣಿನ ಅಂಚಿನಲ್ಲಿದ್ದರೆ ತಾಳ ಕೈತಪ್ಪುತ್ತದಂತೆ. ಈಗ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಆ ಎರಡು ಅಂಕಿಗಳು ಆರಿಹೋಗುತ್ತವೆ.